ಪುಸ್ತಕ ನೋಡುವ ಮೇಷ್ಟ್ರು

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಿಕ್ಸಿಯ ಸ್ವಿಚ್ ಒತ್ತುವ ಮೊದಲೂ ಕನ್ನಡಕ ಏರಿಸಿ, ಬೆರಳು ನೆಕ್ಕಿ, ಅದರ ಜೊತೆ ಬಂದ ಪುಸ್ತಕದ ಪುಟ ತಿರುವುತ್ತಿದ್ದರು. ಯಾರು ಏನೇ ಕೇಳಲಿ, ಉತ್ತರ ಒಂದೇ: “ಎಲ್ಲಾ ಪುಸ್ತಕದಾಗ ಐತಿ.” ಓಣಿಗೆ ಮೊದಲ ವಾಷಿಂಗ್ ಮಷೀನ್ ತಂದವರೂ ಅವರೇ. ಅದರ ಪುಸ್ತಕವನ್ನು ಇಲಿ ಕಡಿದೀತೆಂದು ಟವೆಲ್ಲಿನಲ್ಲಿ ಸುತ್ತಿಟ್ಟಿದ್ದರು.

ಒಂದು ಸಲ, ಮರುದಿನ ಹಡಗಲಿಯಲ್ಲಿ ಅವರ ಮಗಳ ನಿಶ್ಚಿತಾರ್ಥ ಎನ್ನುವಾಗ, ಮೇಷ್ಟ್ರ ಇದ್ದೊಂದು ಒಳ್ಳೆಯ ಧೋತರ ಮಷೀನಿನೊಳಗೆ ಸಿಕ್ಕಿಕೊಂಡಿತು. ಒಗೆದು ಮುಗಿದರೂ ಬಾಗಿಲು ತೆರೆಯಲೊಲ್ಲದು. ಪಂಪ್‌ಸೆಟ್ ರಿಪೇರಿಯವನು ಸ್ಕ್ರೂಡ್ರೈವರ್ ಹಿಡಿದು ಬಂದ.

“ಮೀಟಿ ತಗೀಲೇನ್ರಿ, ಸರ?”

“ಏ, ತಡಿಯಪ್ಪಾ! ಪುಸ್ತಕ ನೋಡೋಣು.”

ಕಪಾಟೆಲ್ಲ ತಡಕಾಡಿ ಸುಸ್ತಾದ ಮೇಲೆ ಅವರ ಹೆಂಡತಿ ಮಷೀನಿನ ಗಾಜಿನತ್ತ ಕೈ ತೋರಿಸಿದರು: “ಹೊಲಸು ಟವೆಲ್ಲಿನ ಜತಿಗೆ ಅದೂ ಹೋಗೈತಿ ನೋಡ್ರಿ.”

ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರೂ ಕೂತು ಚಹಾ ಕುಡಿದು ಮುಗಿಸುವ ಹೊತ್ತಿಗೆ ಟಕ್ ಎಂದು ಬಾಗಿಲು ತಾನೇ ಸಡಿಲಾಯಿತು. ಕಾಗದದ ಚೂರು ಮೆತ್ತಿದ ಧೋತರವನ್ನು ಬದಿಗೆಸೆದು ಮೇಷ್ಟ್ರು ಪುಸ್ತಕ ಎತ್ತಿಕೊಂಡರು. ನೀರಿಳಿಯುತ್ತಿದ್ದ ಪುಟಗಳನ್ನೂ ಬೆರಳು ನೆಕ್ಕಿಯೇ ತಿರುವಿ, ಗೆದ್ದವರಂತೆ ಓದಿ ಹೇಳಿದರು:

“ಬಾಗಿಲು ತೆರೆಯದಿದ್ದರೆ ಕರೆಂಟು ತೆಗೆದು ಸ್ವಲ್ಪ ಹೊತ್ತು ಕಾಯಬೇಕು. ನಾ ಹೇಳಿದ್ದಿಲ್ಲೇನು? ಎಲ್ಲಾ ಪುಸ್ತಕದಾಗ ಐತಿ!”