ಮೂಕಿ ಚಿತ್ರಕ್ಕೆ ನಾನು ಹಾಕಿದ ಸಂಗೀತ

ಕತಾರಿನ ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷ, 2023ರಲ್ಲಿ, ನಾನು ದೋಹಾದ ಒಂದು ಕಾಲೇಜಿನಲ್ಲಿ ಆಡಿಯೋ ಸೂಪರ್‌ವೈಸರ್ ಆಗಿದ್ದೆ. ಸಭಾಂಗಣದ ಧ್ವನಿ ನನ್ನದು, ಪ್ರೊಜೆಕ್ಟರ್ ಸುಡಾನಿನ ಮೂಸಾನದು. ಒಂಬತ್ತು ವರ್ಷ ಒಂದೇ ಕ್ಯಾಬಿನ್ನಿನಲ್ಲಿ ಕೂತವರು ನಾವು.

ಸಿನಿಮಾ ಇತಿಹಾಸ ಕಲಿಸುವ ಸುಧಾ ಮೇಡಂ ಮೈಸೂರಿನವರು. ನೂರು ವರ್ಷಕ್ಕೂ ಹಳೆಯ ಅಮೆರಿಕದ ಮೂಕಿ ಚಿತ್ರವೊಂದನ್ನು ಬೆಳಿಗ್ಗೆ ಒಂದು ತರಗತಿಗೆ, ಮಧ್ಯಾಹ್ನ ಇನ್ನೊಂದಕ್ಕೆ ತೋರಿಸಬೇಕೆಂದರು. ಕಪ್ಪು ಜನರನ್ನು ಮೃಗಗಳಂತೆ, ಅವರನ್ನು ಬೇಟೆಯಾಡುವ ಮುಸುಕಿನ ಬಿಳಿಯರನ್ನು ವೀರರಂತೆ ತೋರಿಸಿದ ಚಿತ್ರ. ಅಂಥ ಸುಳ್ಳು ಜನರನ್ನು ಹೇಗೆ ಒಲಿಸಿಕೊಂಡಿತು ಎಂಬುದೇ ಅವರ ಪಾಠ.

ಸದ್ದಿಲ್ಲದಿದ್ದರೆ ಹುಡುಗರು ಆಕಳಿಸುತ್ತಾರೆಂದು, ದೊಡ್ಡ ಬುದ್ಧಿವಂತನ ಹಾಗೆ, ಯಾರನ್ನೂ ಕೇಳದೆ ಸಂಗೀತ ಜೋಡಿಸಿದೆ. ಚಿತ್ರ ನೋಡಲಿಲ್ಲ. ಕ್ಯೂ ಶೀಟ್, ಅಂದರೆ ಯಾವ ನಿಮಿಷಕ್ಕೆ ಯಾವ ದೃಶ್ಯ ಎಂಬ ಪಟ್ಟಿ, ನೋಡಿ ಕೆಲಸ ಮುಗಿಸುವುದು ನಮ್ಮಲ್ಲಿ ರೂಢಿ. ‘ಸವಾರರು ರಕ್ಷಣೆಗೆ ಬರುತ್ತಾರೆ’ ಎಂದಿತ್ತು. ಆ ಸವಾರರು ಯಾರೆಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಡ್ರಮ್ಮು, ಕಹಳೆ ಎಲ್ಲ ಸುರಿದೆ.

ಬೆಳಿಗ್ಗೆ ಆ ದೃಶ್ಯ ಬಂತು. ಸವಾರರೆಂದರೆ ಕುದುರೆಯೇರಿದ ಆ ಮುಸುಕಿನ ಬಿಳಿಯರು. ಡ್ರಮ್ಮು ಏರುತ್ತಿದ್ದಂತೆ ಯಾರೋ ತಾಳಕ್ಕೆ ಚಪ್ಪಾಳೆ ಹಾಕಿದರು. ಅಯ್ಯೋ ದೇವರೇ, ಅರ್ಧ ಹಾಲ್ ಸೇರಿಕೊಂಡಿತು! ಮೂಸಾ ಪರದೆ ಬಿಟ್ಟು ವಾಲ್ಯೂಮ್ ಮೇಲಿದ್ದ ನನ್ನ ಕೈ ನೋಡುತ್ತಿದ್ದ. ತಗ್ಗಿಸಬಹುದಿತ್ತು. ನಾಚಿಕೆಗೋ ಭಯಕ್ಕೋ ಬೆರಳು ಆಡಲಿಲ್ಲ.

ಚಿತ್ರ ಮುಗಿಯಿತು. “ಹಮೀದ್ ಭಾಯ್, ಆ ಕುದುರೆಗಳು ಬರ್ತಾ ಇದ್ದದ್ದು ನನ್ನ ಮೇಲೆ. ಚಪ್ಪಾಳೆ ಹೊಡೆಸಿದ್ದು ನೀನು. ಖಲಾಸ್,” ಎಂದು ಮೂಸಾ ಕ್ಯಾಬಿನ್ ಕೀ ಮೇಜಿನ ಮೇಲಿಟ್ಟು ಹೋದ.

ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದೆ. ಮೂಸಾನಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

“ಮಧ್ಯಾಹ್ನದ್ದು ಕ್ಯಾನ್ಸಲ್ ಮಾಡೋಣವಾ ಹಮೀದ್ ಅವರೇ?” ಮೇಡಂ ಕೇಳಿದರು.

“ಬೇಡ ಮೇಡಂ. ಸಂಗೀತ ತೆಗೀತೇನೆ. ಮೊದಲು ಮಕ್ಕಳ ಹತ್ರ ನಾನೇ ಮಾತಾಡ್ತೇನೆ.”

ಬೆಳಗಿನ ತರಗತಿಯವರನ್ನೂ ಮೇಡಂ ಕರೆಸಿದರು. ವೇದಿಕೆ ಹತ್ತಿ ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ಪ್ರೊಜೆಕ್ಟರನ್ನೂ ನಾನೇ ಹಾಕಿದೆ. ಅದೇ ಸವಾರರು ಸದ್ದಿಲ್ಲದೆ ಬಂದರು. ಎ.ಸಿ. ಗುಂಯ್‌ಗುಡುವುದೊಂದೇ ಕೇಳಿಸುತ್ತಿತ್ತು. ಬೆಳಿಗ್ಗೆ ಚಪ್ಪಾಳೆ ತಟ್ಟಿದ್ದ ಹುಡುಗಿಯೊಬ್ಬಳು ತಲೆ ತಗ್ಗಿಸಿ ಕೂತಿದ್ದಳು.

ಮೂಸಾ ಬೇರೆ ಕಟ್ಟಡಕ್ಕೆ ವರ್ಗ ಕೇಳಿಕೊಂಡ. ಶುಕ್ರವಾರ ಅಲ್ ಗರಾಫಾದ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಟ್ಟ. “ಮನಸ್ಸಲ್ಲಿ ಏನಿಲ್ಲ ಭಾಯ್. ಆದರೆ ಆ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ,” ಎಂದ.

ಮೂವತ್ತು ವರ್ಷ ಧ್ವನಿಯ ಕೆಲಸ ಮಾಡಿದವನು ನಾನು. ಹಳೆಯ ದ್ವೇಷಕ್ಕೆ ತನ್ನದೇ ದನಿ ಇರಬೇಕಾಗಿಲ್ಲ, ನೋಡದೆ ದನಿ ಕೂಡಿಸುವ ಒಬ್ಬ ಒಳ್ಳೆಯ ಕೆಲಸಗಾರ ಸಿಕ್ಕರೆ ಸಾಕು ಎಂಬುದು ಅಂದು ತಿಳಿಯಿತು. ಅಂದು ಆ ಕೆಲಸಗಾರ ನಾನಾಗಿದ್ದೆ.