ಪೆಟ್ಟಿಗೆಗೆ ಹೊದಿಸಿದ ಒದ್ದೆ ಗೋಣಿ

ಅರಕೆರೆಯ ಕೆಂಪಮ್ಮನ ಹಿತ್ತಲಲ್ಲಿ ಗಾಳಿಯ ತಾಪ ಅಳೆಯುವ ಬಿಳಿ ಪೆಟ್ಟಿಗೆಯೊಂದಿದೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಈ ಬೇಸಿಗೆಯಲ್ಲಿ ಊರೆಲ್ಲ ಬೇಯುತ್ತಿರುವಾಗ ಅದು ಇದ್ದಕ್ಕಿದ್ದಂತೆ ಮಾಗಿಯ ತಂಪು ತೋರಿಸತೊಡಗಿತು.

ಪಕ್ಕದ ಆಲೆಮನೆಯ ಸಿದ್ದೇಗೌಡನಿಗೆ ಅದೇ ಹಬ್ಬವಾಯಿತು. "ಭೂಮಿ ಕಾಯ್ತಾ ಅದೆ ಅಂತಿದ್ದೆಯಲ್ಲ, ನಿನ್ ಪೆಟ್ಗೆನೇ ಏನೇಳ್ತದೆ ನೋಡ್ಲಾ. ಮನುಸ್ರ ಕೈಲಿ ಹವಾ ಬದಲಾಯ್ಸಕ್ಕಾಯ್ತದಾ?"

"ಒಂದು ಪೆಟ್ಟಿಗೆ ಮಾತಲ್ಲ ಕಣ್ಲಾ. ಸಮುದ್ರ ಕಾಯ್ತಾ ಅದೆ, ಹಿಮ ಕರಗ್ತಾ ಅದೆ. ನಾವು ಸುಟ್ಟ ಕಲ್ಲಿದ್ದಲು, ಎಣ್ಣೆಯ ಅನಿಲ ಭೂಮಿಗೆ ಕಂಬಳಿ ಹೊದಿಸ್ತಾ ಅದೆ" ಎಂದೆ.

ಅವನು ನಕ್ಕ. ನನಗೆ ನಗು ಬರಲಿಲ್ಲ. ಪೆಟ್ಟಿಗೆ ಕೆಟ್ಟಿದ್ದರೆ ಇಡೀ ಬೇಸಿಗೆಯ ಅಳತೆ ಹಾಳು. ಹಿತ್ತಲಿಗೆ ಹೋದೆ. ಅವನೂ ಹಿಂದೆಯೇ ಬಂದ.

ಪೆಟ್ಟಿಗೆಯ ಮೇಲೆ ಗೋಣಿಚೀಲ. ಕೆಂಪಮ್ಮ ಬಿಂದಿಗೆಯಿಂದ ಅದಕ್ಕೆ ನೀರು ಹುಯ್ಯುತ್ತಿದ್ದಳು.

"ಏನಮ್ಮ ಇದು?"

"ಎಮ್ಮೆಗೆ ಹೊದಿಸ್ತೀನಲ್ಲಪ್ಪ, ಅಂಗೇ. ಪಾಪ, ದಿನಾ ಬಿಸ್ಲಲ್ಲಿ ಒಂದೇ ನಿಂತಿರ್ತದೆ. ನೋಡಕ್ಕಾಗ್ಲಿಲ್ಲ."

ಗೋಣಿ ತೆಗೆದೆ. ತಾಪ ಏರಿತು. ಸಿದ್ದೇಗೌಡ ಬಾಗಿ ಅಂಕಿ ನೋಡಿದ.

"ಆಯ್ತು, ಮನುಸ್ರಿಂದ ಆಯ್ತದೆ ಅಂತ ಒಪ್ಕತೀನಿ. ಆದ್ರೆ ಒಬ್ಳು ಮುದುಕಿ ಇಷ್ಟು ತಣ್ಣಗೆ ಮಾಡವ್ಳೆ. ನೀವು ಓದ್ದೋರೆಲ್ಲ ಸೇರಿ ಏನ್ ಮಾಡಿದ್ದೀರ್ಲಾ?"

ಗೋಣಿ ಮಡಚಿ ಕೆಂಪಮ್ಮನ ಕೈಗೆ ಕೊಟ್ಟೆ. ಆ ದಿನಗಳ ಅಳತೆಯನ್ನು ಕೈಬಿಡಿ ಎಂದು ಹವಾಮಾನ ಕಚೇರಿಗೆ ಬರೆದೆ. ಕಾರಣ ಕರುಣೆ ಎಂದರೆ ಒಪ್ಪುವವರಲ್ಲ. ತೇವ ಎಂದು ಬರೆದೆ.