ಮೂರು ಉಧೋಗೆ ತಳ ಮುಟ್ಟುವ ಕಡ್ಡಿ

ಕೋಳಿ ಕೂಗಿ ಇನ್ನೂ ಅರ್ಧ ತಾಸಾಗಿಲ್ಲ. ಹುಲಿಹೈದರದ ಒಂದು ಮನೆಯ ಹಿತ್ತಲಲ್ಲಿ ತಂತಿಗೆ ತೂಗಿಬಿಟ್ಟ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಸೊಂಟದೆತ್ತರದ ನೀಲಿ ಡ್ರಮ್ಮು, ತುಂಬ ನೀರು. ಹುಲಗೆಮ್ಮ ಡ್ರಮ್ಮಿನ ಮೇಲೆ ಬಗ್ಗಿ, ಗೇಣಿಗಿಂತ ತುಸು ಗಿಡ್ಡನೆಯ ಕಪ್ಪು ಕಡ್ಡಿಯೊಂದನ್ನು ನೀರಿಗೆ ಬಿಡುತ್ತಾರೆ. "ಉಧೋ" ಎನ್ನುತ್ತಾರೆ. ಕಡ್ಡಿ ಅಡ್ಡಡ್ಡ ಮಲಗಿಕೊಂಡೇ ಇಳಿಯುತ್ತದೆ, ಎರಡೂ ತುದಿ ಸಣ್ಣಗೆ ನಡುಗುತ್ತವೆ. "ಉಧೋ." ಇನ್ನಷ್ಟು ಇಳಿಯುತ್ತದೆ. ಮೂರನೆಯ "ಉಧೋ" ಮುಗಿಯುವುದಕ್ಕೂ ಕಡ್ಡಿ ತಳದಲ್ಲಿಟ್ಟ ಬಿಳಿ ಪಿಂಗಾಣಿ ತಟ್ಟೆಯನ್ನು ಮುಟ್ಟುವುದಕ್ಕೂ ಸರಿಹೋಗುತ್ತದೆ. ಆ ಕಡ್ಡಿ ಪಾಸು.

ಎರಡೇ ಉಧೋಗೆ ತಳ ಸೇರಿದರೆ ಉಪ್ಪು ಹೆಚ್ಚಾಗಿದೆ. ನಾಲ್ಕಾದರೂ ತೇಲಾಡುತ್ತಿದ್ದರೆ ಉಪ್ಪು ಸಾಲದು. ಎರಡೂ ಬಗೆಯವು ಮತ್ತೆ ಕರಗಿಸುವ ಪಾತ್ರೆಗೆ ಹೋಗುತ್ತವೆ. ಕೊಪ್ಪಳ ಸೀಮೆಯಲ್ಲಿ ಹುಲಿಗಿಯ ದೇವಿ ಹುಲಗೆಮ್ಮನಿಗೆ ಭಕ್ತರು ಕೂಗುವ ಉಧೋವನ್ನು ಗಡಿಯಾರ ಮಾಡಿಕೊಂಡವರನ್ನು ಇವರ ಬಗ್ಗೆ ಬರೆಯಲು ಬಂದ ನಾನಂತೂ ಇದೇ ಮೊದಲು ನೋಡುತ್ತಿದ್ದೇನೆ. ಕೇಳಿದರೆ ಹುಲಗೆಮ್ಮ ನಗುತ್ತಾರೆ. "ನನ್ನ ಹೆಸರೂ ಆಕಿದ ಅಲ್ರಿ ಅಕ್ಕಾರ. ಗಡಿಯಾರ ನೋಡ್ಕೊಂತ ನೀರು ನೋಡಾಕ ಆಗಂಗಿಲ್ಲ. ಬಾಯಾಗ ಆಕಿ ಇರ್ತಾಳ, ಕಣ್ಣು ಕಡ್ಡಿ ಮ್ಯಾಲ ಇರ್ತಾವ."

ಈ ಕಡ್ಡಿಗಳು ಮೀನಿನ ಗಾಳಕ್ಕೆ ಸಿಕ್ಕಿಸುವ ಮೆದು ಪ್ಲಾಸ್ಟಿಕ್ ಹುಳುಗಳು. ಹೊರದೇಶಗಳಲ್ಲಿ ಬಾಸ್ ಎಂಬ ಮೀನು ಹಿಡಿಯುವವರು ಇಂಥವನ್ನು ಬಳಸುತ್ತಾರೆ. ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ, ಅದರಷ್ಟೇ ಜಗಳಗಂಟ ಕೊರಮೀನು ಇದೆ. ರಜಾದಿನ ಬಂದರೆ ಗಂಗಾವತಿ, ಕುಷ್ಟಗಿ ಕಡೆಯ ಗಾಳದ ಹುಚ್ಚಿನವರು ಕೋಲು, ರೀಲು ಹೊತ್ತು ಕೆರೆ ದಂಡೆಗೆ ಬರುತ್ತಾರೆ. ಅವರ ಚೀಲದಲ್ಲಿರುವ ಕಡ್ಡಿ ಯಾವುದೋ ದೇಶದಿಂದ ಬಂದದ್ದೆಂದು ಬಹಳ ಮಂದಿ ನಂಬಿದ್ದಾರೆ. ಅದು ಬಂದದ್ದು ಈ ಹಿತ್ತಲಿನಿಂದ.

ಇವತ್ತು ಮಾತ್ರ ಹುಲಗೆಮ್ಮನ ನಗು ಅರ್ಧಕ್ಕೇ ನಿಲ್ಲುತ್ತಿದೆ. ಗಂಗಾವತಿಯಲ್ಲಿ ಗಾಳದ ಸಾಮಾನಿನ ಅಂಗಡಿ ಇಟ್ಟಿರುವ ಹೊನ್ನೂರಪ್ಪ ಇವರ ಕಡ್ಡಿಗಳನ್ನು ಮಾರುವವರು. ಹೋದ ವಾರ, ಇವನ್ನು ಮೊದಲ ಸಲ ಕೊಂಡ ಗಿರಾಕಿಗಳು ಹನ್ನೆರಡು ಪಾಕೀಟು ವಾಪಸ್ ತಂದು ಅವರ ಮುಂದೆ ಸುರುವಿದ್ದಾರೆ. ಸತ್ತ ಕಡ್ಡಿ, ಮೀನು ಮೂಸಿಯೂ ನೋಡುವುದಿಲ್ಲ ಎಂಬುದು ದೂರು. ಈ ಬೆಳಗ್ಗೆ ಊರಾಚೆಯ ಕೆರೆಯಲ್ಲಿ ಪರೀಕ್ಷೆ. ಬಿಸಿಲೇರುವುದರೊಳಗೆ ಒಂದು ಮೀನಾದರೂ ಕಚ್ಚಬೇಕು. ಇಲ್ಲದಿದ್ದರೆ ಹೊನ್ನೂರಪ್ಪ ಬೇರೆ ಕಡೆಯಿಂದ ಮಾಲು ತರಿಸುತ್ತಾರೆ, ಈ ಡ್ರಮ್ಮು ದನಕ್ಕೆ ನೀರು ಕುಡಿಸಲು ಹೋಗುತ್ತದೆ.

"ನಾಕು ದಿನ ಆತ್ರಿ, ಇದನ್ನ ಮಾಡಾಕತ್ತೀನಿ," ಎನ್ನುತ್ತಾರೆ. "ಉಪ್ಪು ಏರಿಸಿ ನೋಡಿದೆ, ಇಳಿಸಿ ನೋಡಿದೆ. ಡ್ರಮ್ಮಿನಾಗ ಬರೊಬ್ಬರಿ ಇಳೀತಾವ. ಕೆರ್‍ಯಾಗ ಏನು ರೋಗ ಬಡೀತೈತೋ ಗೊತ್ತಿಲ್ಲ."

ಹುಲಗೆಮ್ಮನಿಗೆ ನಲವತ್ತೆಂಟು. ಹದಿನಾಲ್ಕು ವರ್ಷ ಕನಕಗಿರಿಯ ಒಂದು ಖಾನಾವಳಿಗೆ ಮಾವಿನಕಾಯಿ, ನಿಂಬೆಕಾಯಿ ಉಪ್ಪಿನಕಾಯಿ ಹಾಕಿಕೊಟ್ಟ ಕೈ. ಗಂಡ ಓಬಳೆಪ್ಪನಿಗೆ ಕೆರೆಯ ದಾರಿಯಲ್ಲೇ ಸೈಕಲ್ ರಿಪೇರಿ ಅಂಗಡಿ. ಗಾಳದವರು ಗಾಡಿಗೆ ಗಾಳಿ ಹಾಕಿಸಿಕೊಳ್ಳಲು ಅಲ್ಲಿ ನಿಲ್ಲುತ್ತಾರೆ, ಹರಿದ ಕಡ್ಡಿಗಳನ್ನು ಅಲ್ಲೇ ಬಿಸಾಡುತ್ತಾರೆ. ಮೂರು ವರ್ಷದ ಹಿಂದೆ ಓಬಳೆಪ್ಪ ಅಂಥದ್ದೊಂದನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ತಂದರು.

"ಹಾವಿನ ಮರಿ ಅಂತ ತಿಳದು ಕಸಬರಗಿ ತಗೊಂಡು ಬಡದ್ಲ್ರಿ ಇಕಿ," ಎಂದು ಓಬಳೆಪ್ಪ ಇವತ್ತಿಗೂ ಕಾಡಿಸುತ್ತಾರೆ. "ಅದು ಸತ್ತೈತೇನು ಅಂತ ನೋಡೂದು ಬಿಟ್ಟು, ಆಮ್ಯಾಲ ನಾಲಿಗಿಗೆ ಹಚ್ಚಿ ನೋಡಿದ್ಲು."

ನಾಲಿಗೆಗೆ ಹಚ್ಚಿದ್ದು ನಿಜ. ಉಪ್ಪಿನಕಾಯಿಯವರ ಚಾಳಿ, ಎಲ್ಲವನ್ನೂ ನೆಕ್ಕಿಯೇ ತಿಳಿಯುವುದು. ನೆಕ್ಕಿದ್ದರಿಂದಲೇ ಗುಟ್ಟು ಬಯಲಾಯಿತು: ಪ್ಲಾಸ್ಟಿಕ್ಕಿನೊಳಗೆ ಉಪ್ಪಿನ ಪುಡಿ ಇತ್ತು. ಗಾಳಕ್ಕೆ ಸೀಸದ ಗುಂಡು ಕಟ್ಟದೆಯೇ ಕಡ್ಡಿ ತಾನಾಗಿ ಮೆಲ್ಲಗೆ ಮುಳುಗುವುದು ಆ ಉಪ್ಪಿನ ಭಾರದಿಂದ. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ಮೀನಿನ ಲೋಕದಲ್ಲೂ ನಡೆಯುತ್ತದೆ ಅನ್ನಿ.

ಅಲ್ಲಿಂದ ಶುರುವಾಯಿತು. ಗಣಪತಿ ಮೂರ್ತಿ ಮಾಡುವವರಿಂದ ಪ್ಲಾಸ್ಟರ್ ತಂದು ಅಚ್ಚು ಮಾಡಿಕೊಂಡರು. ಕೆರೆ ದಂಡೆಯ ಹರಿದ ಕಡ್ಡಿಗಳನ್ನು ಆಯ್ದು ತೊಳೆದು, ಹೊನ್ನೂರಪ್ಪ ತರಿಸಿಕೊಡುವ, ಕಾಯಿಸಿದರೆ ಮೆದು ಪ್ಲಾಸ್ಟಿಕ್ ಆಗುವ ಹಾಲಿನಂಥ ದ್ರವದ ಜೊತೆ ಕಾಯಿಸಿದರು. ಮೊದಲ ಸಲ ಉಪ್ಪು ಬಿದ್ದದ್ದೇ ತಡ, ಪಾತ್ರೆ ಸಿಡಿದು ಹುಲಗೆಮ್ಮನ ಮುಂಗೈ ಸುಟ್ಟಿತು. ಆ ಕಲೆ ಈಗಲೂ ಇದೆ. "ಉಪ್ಪು ಹಸಿ ಇತ್ರಿ. ಉಪ್ಪಿನಕಾಯಿಗೆ ಹೆಂಗ ಹುರೀತೀವೋ ಹಂಗ ಹುರೀಬೇಕಂತ ಹೊಳೀಲೇ ಇಲ್ಲ. ಈಗ ಹುರದು, ಬೀಸಿ, ತೆಳ್ಳನ ಅರಿವ್ಯಾಗ ಸೋಸ್ತೀನಿ."

ಇನ್ನೊಂದು ಎಡವಟ್ಟು ಕೇಳಿ. ಇನ್ನೂರು ಕಡ್ಡಿ ಚೆನ್ನಾಗಿ ಬಂದಾಗ ಹುಲಗೆಮ್ಮ ಅವನ್ನೆಲ್ಲ ಪ್ಲಾಸ್ಟಿಕ್ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಹದಿನೈದು ದಿನ ಮೂಲೆಯಲ್ಲಿಟ್ಟರು. ಯಾಕೆಂದರೆ ಉಪ್ಪು ಹಿಡಿಯಲಿ ಅಂತ. ಹದಿನಾರನೆಯ ದಿನ ಬಟ್ಟೆ ಬಿಚ್ಚಿದರೆ ಕಡ್ಡಿ ಯಾವುದು, ಭರಣಿ ಯಾವುದು ತಿಳಿಯದಂತೆ ಎರಡೂ ಅಂಟಿಕೊಂಡು ಗಂಟಾಗಿದ್ದವು. ಈ ಮೆದು ಪ್ಲಾಸ್ಟಿಕ್ಕಿಗೆ ಕೆಲವು ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುವ ಗುಣವಿದೆ. ಜಗತ್ತಿನ ಯಾವ ಕಾರ್ಖಾನೆಯವರೂ ಗಾಳದ ಹುಳುವನ್ನು ಉಪ್ಪಿನಕಾಯಿಯಂತೆ ನೆನೆಹಾಕಿರಲಾರರು. ಆ ಗಂಟನ್ನು ಓಬಳೆಪ್ಪ ಅಂಗಡಿಯ ಬಾಗಿಲಿಗೆ ಅಡ್ಡ ಇಡಲು ಒಯ್ದಿದ್ದಾರೆ.

ಈಗ ದಿನಕ್ಕೆ ನೂರಿಪ್ಪತ್ತು ಕಡ್ಡಿ ಎರೆಯುತ್ತಾರೆ. ಒಂದೊಂದನ್ನೂ ಡ್ರಮ್ಮಿಗೆ ಬಿಟ್ಟು ನೋಡುತ್ತಾರೆ. ತೊಂಬತ್ತು ಪಾಸಾದರೆ ಆ ದಿನ ಛಲೋ. ಕಾಯಿಸುವಾಗ ಪಾತ್ರೆಯ ಬುಡ ಹತ್ತಿದರೆ ಕೆಟ್ಟ ಹೊಗೆ ಏಳುತ್ತದೆ, ಅದಕ್ಕೇ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಮೂಗು ಬಾಯಿಗೆ ಮಾಸ್ಕ್ ಹಾಕಿ ನಿಲ್ಲುತ್ತಾರೆ. ಆ ಪಾತ್ರೆಗೆ ಅಡುಗೆಮನೆಯ ಹೊಸ್ತಿಲು ದಾಟುವ ಹಕ್ಕಿಲ್ಲ. ಕಡ್ಡಿಯ ನಡುವಿಗೆ ತೊಡಿಸುವ ಪುಟ್ಟ ಉಂಗುರಗಳನ್ನು ಓಬಳೆಪ್ಪ ಸೈಕಲ್ಲಿನ ವಾಲ್‌ಟ್ಯೂಬ್ ಎಂಬ ಸಣ್ಣ ರಬ್ಬರ್ ಕೊಳವೆಯಿಂದ ಕತ್ತರಿಸಿಕೊಡುತ್ತಾರೆ. ಗಾಳವನ್ನು ಆ ಉಂಗುರಕ್ಕೆ ಸಿಕ್ಕಿಸಿದರೆ ಕಡ್ಡಿ ಬೇಗ ಹರಿಯುವುದಿಲ್ಲ, ಎರಡೂ ತುದಿ ಆಡಲು ಬಿಡುವಿರುತ್ತದೆ.

ಇಷ್ಟೆಲ್ಲ ಮಾಡುವ ಹುಲಗೆಮ್ಮ ತಮ್ಮ ಕಡ್ಡಿಯನ್ನು ಮೀನು ಕಚ್ಚುವುದನ್ನು ಒಮ್ಮೆಯೂ ನೋಡಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ. "ಹರದದ್ದು ಬರ್ತಾವ್ರಿ ನನ್ನ ಕೈಗೆ. ಅಲ್ಲಿ ಏನು ನಡೀತೈತಿ ಅನ್ನೂದು ಗಾಳದವರಿಗೇ ಗೊತ್ತು," ಎನ್ನುತ್ತಾ ಹತ್ತು ಕಡ್ಡಿಗಳ ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿಕೊಂಡು ಕೆರೆಯ ಕಡೆ ಹೊರಡುತ್ತಾರೆ.

ದಂಡೆಯಲ್ಲಿ ಹೊನ್ನೂರಪ್ಪ ಆಗಲೇ ಕಾದಿದ್ದಾರೆ. ಜೊತೆಗೆ ಪ್ರಭುರಾಜ, ಗಂಗಾವತಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವರು, ಪಾಕೀಟು ವಾಪಸ್ ಕೊಟ್ಟವರಲ್ಲಿ ಮೊದಲಿಗರು. ಕೆರೆ ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆದೇ ಬಂದಿದ್ದಾರೆ. ತಾವರೆ ಎಲೆಗಳ ನಡುವೆ ಅಂಗಳದಷ್ಟು ತಿಳಿನೀರು. ಪ್ರಭುರಾಜ ಅಲ್ಲಿಗೆ ಗುರಿಯಿಟ್ಟು ಕಡ್ಡಿ ಎಸೆಯುತ್ತಾರೆ, ಸರಸರ ರೀಲು ಸುತ್ತುತ್ತಾರೆ. ಮತ್ತೆ ಎಸೆತ, ಮತ್ತೆ ಸರಸರ. ಹತ್ತಾಯಿತು, ಇಪ್ಪತ್ತಾಯಿತು. ಕೊರಮೀನು ಅಲ್ಲೇ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ, ಕಡ್ಡಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಒಂದು ತಾಸು ಕಳೆಯುತ್ತದೆ. ಬಿಸಿಲು ಗುಡ್ಡದ ಬಂಡೆಗಳಿಂದ ಇಳಿದು ನೀರಿಗೆ ಬರುತ್ತದೆ. ಹೊನ್ನೂರಪ್ಪ ಕೈಗಡಿಯಾರ ನೋಡಿಕೊಂಡು, "ಹುಲಗೆಮ್ಮಕ್ಕಾ, ನನ್ನ ಮ್ಯಾಲ ಬ್ಯಾಸರ ಮಾಡ್ಕೋಬ್ಯಾಡ. ನೀನ ನೋಡಿದಿ," ಎನ್ನುತ್ತಾರೆ. ಅವರ ದನಿಯಲ್ಲೂ ನೋವಿದೆ. ಬರೆಯಲು ಬಂದವಳು ಪಕ್ಷ ವಹಿಸಬಾರದು ಎನ್ನುತ್ತಾರೆ, ನಾನು ಯಾವಾಗಲೋ ವಹಿಸಿಯಾಗಿದೆ.

ನೀರನ್ನೇ ನೋಡುತ್ತಿದ್ದ ಹುಲಗೆಮ್ಮ ಪ್ರಭುರಾಜರ ಕಡೆ ತಿರುಗುತ್ತಾರೆ. "ಸರ, ಒಂದು ಮಾತು ಕೇಳ್ಲೇನು? ಅದನ್ನ ಯಾಕ ಹಂಗ ಎಳದಾಡ್ತೀರಿ?"

"ಎಳೀಲಿಲ್ಲಂದ್ರ ಹುಳ ಓಡಿದಂಗ ಹೆಂಗ ಕಾಣಬೇಕ್ರಿ ಅಕ್ಕಾರ?"

"ಅದು ಓಡೂದಲ್ರಿ, ಇಳಿಯೂದು. ಉಪ್ಪು ಹಾಕಿದ್ದ ಅದಕ್ಕ. ಸಾವಿರ ಸಲ ನೋಡೀನಿ ಡ್ರಮ್ಮಿನಾಗ, ಬಿಟ್ಟರ ಅಷ್ಟ ಸಾಕು, ತಾನ ಕುಣಿತೈತಿ. ನೀವು ಕುಣಿಯಾಕ ಬಿಡವಲ್ರಿ. ಇಲ್ಲಿ ಆಳ ಎಷ್ಟೈತಿ?"

"ಎದಿಮಟ ಇರಬೇಕು."

"ಹಂಗಾರ ನಾಕು ಉಧೋ. ಒಗೀರಿ, ಕೈ ಕಟ್ಕೊಂಡು ನಿಂದರ್‍ರಿ."

ಪ್ರಭುರಾಜ ನಕ್ಕು ಎಸೆಯುತ್ತಾರೆ. ತಂಗೂಸಿ ದಾರವನ್ನು ಸಡಿಲ ಬಿಡುತ್ತಾರೆ. ಹುಲಗೆಮ್ಮ ದಂಡೆಯಲ್ಲಿ ಕೂತು ಮೆಲ್ಲಗೆ ಹೇಳುತ್ತಾರೆ, "ಉಧೋ. ಉಧೋ." ಮೂರನೆಯದು ಬಾಯಲ್ಲಿರುವಾಗಲೇ ದಾರ ಟಪ್ಪನೆ ಅದುರುತ್ತದೆ. ಪ್ರಭುರಾಜ ಗಾಬರಿಯಲ್ಲಿ ಎಳೆದುಬಿಡುತ್ತಾರೆ. ಗಾಳ ಬರಿದೇ ಮೇಲೆ ಬರುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ಈಗ ಯಾರೂ ನಗುತ್ತಿಲ್ಲ. ಹೊನ್ನೂರಪ್ಪ ಚಪ್ಪಲಿ ಸಮೇತ ನೀರಿಗಿಳಿದು ನಿಂತಿದ್ದಾರೆ.

ಎರಡನೆಯ ಎಸೆತ. ಈ ಸಲ ನಾಲ್ವರೂ ಒಟ್ಟಿಗೆ ಉಧೋ ಎಣಿಸುತ್ತೇವೆ. ಅದರಲ್ಲೊಬ್ಬರು ಭೌತಶಾಸ್ತ್ರದ ಉಪನ್ಯಾಸಕರು, ನೆನಪಿರಲಿ. ಮೂರಕ್ಕೆ ದಾರ ಅದುರುತ್ತದೆ. "ತಡೀರಿ," ಎನ್ನುತ್ತಾರೆ ಹುಲಗೆಮ್ಮ, "ನುಂಗಾಕ ಬಿಡ್ರಿ." ನಾಲ್ಕು. ದಾರ ತಾನಾಗಿ ಪಕ್ಕಕ್ಕೆ ನಡೆಯತೊಡಗುತ್ತದೆ. "ಹ್ಞಾಂ, ಈಗ."

ಕೋಲು ಬಿಲ್ಲಾಗಿ ಬಾಗುತ್ತದೆ. ತಾವರೆ ಎಲೆಗಳು ಚಿಂದಿಯಾಗಿ ನೀರೆಲ್ಲ ಕೆಸರು. ಪ್ರಭುರಾಜ ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟು ಕಲ್ಲಿಗೆ ಎಡವಿ ಕೂತರೂ ಕೋಲು ಬಿಡುವುದಿಲ್ಲ. ಒಂದೂವರೆ ಕಿಲೋ ಕಡಿಮೆಯಿಲ್ಲದ ಕೊರಮೀನು ದಂಡೆಗೆ ಬಂದು ಬಾಲ ಬಡಿಯುತ್ತದೆ. ನಾನು ಕುಣಿದೆನಂತೆ. ಹೊನ್ನೂರಪ್ಪ ಹೇಳಿದ್ದು, ನನಗೆ ನೆನಪಿಲ್ಲ.

ಬಿಸಿಲು ಬಲಿಯುವುದರೊಳಗೆ ಇನ್ನೂ ಎರಡು ಬರುತ್ತವೆ. ಪ್ರಭುರಾಜ ಮೂರನ್ನೂ ನೀರಿಗೇ ಬಿಡುತ್ತಾರೆ. ಹಿಡಿದು ಬಿಡುವುದೇ ಅವರ ಆಟ. "ಸಾರು ಮಾಡೂದು ಬಿಟ್ಟು ಇದೇನು ಹುಡುಗಾಟ್ರಿ," ಎಂದು ಗೊಣಗುವ ಹುಲಗೆಮ್ಮನ ಕಣ್ಣುಗಳು ಮಾತ್ರ ಒದ್ದೆಯಾಗಿವೆ. ಪ್ರಭುರಾಜ ಬಂದು, "ತಪ್ಪು ಕಡ್ಡಿದಲ್ರಿ ಅಕ್ಕಾರ, ನಮ್ಮ ಕೈದು," ಎಂದು ನೇರವಾಗಿ ಒಪ್ಪಿಕೊಳ್ಳುತ್ತಾರೆ. ವಾಪಸ್ ಬಂದ ಹನ್ನೆರಡೂ ಪಾಕೀಟು ಮತ್ತೆ ಅಂಗಡಿಯ ಮುಂದಿನ ಸಾಲಿಗೇ ಏರುತ್ತವೆ ಎನ್ನುತ್ತಾರೆ ಹೊನ್ನೂರಪ್ಪ. "ಅಕ್ಕಾ, ಪಾಕೀಟಿನ ಮ್ಯಾಲ ನಿನ್ನ ಹೆಸರು ಹಾಕಸ್ಲೇನು?"

"ಹೆಸರು ತಗೊಂಡು ಮೀನು ಏನು ಮಾಡ್ತೈತಣ್ಣ," ಎನ್ನುತ್ತಾರೆ ಹುಲಗೆಮ್ಮ. "'ಎಳೀಬ್ಯಾಡ್ರಿ, ಇಳಿಯಾಕ ಬಿಡ್ರಿ' ಅಂತ ಹಾಕಸು. 'ಹರದದ್ದನ್ನ ನೀರಾಗ ಒಗೀಬ್ಯಾಡ್ರಿ, ಓಬಳೆಪ್ಪನ ಸೈಕಲ್ ಅಂಗಡ್ಯಾಗ ಕೊಡ್ರಿ' ಅಂತನೂ ಹಾಕಸು. ಕೊಕ್ಕರಿ ಪಾಪ, ನುಂಗಿ ಸಾಯ್ತಾವ."

ಹೊರಡುವ ಮೊದಲು ದಂಡೆಯ ಮೇಲೆ ಬಿದ್ದ ಹರಿದ ಕಡ್ಡಿಗಳನ್ನೆಲ್ಲ ಎಂದಿನಂತೆ ಆಯ್ದು ಪೊಟ್ಟಣಕ್ಕೆ ಹಾಕುತ್ತಾರೆ. ಬೆಳಗ್ಗೆ ಮೊದಲ ಕೊರಮೀನು ಕಚ್ಚಿದ್ದ ಕಡ್ಡಿ ಕೈಗೆ ಸಿಕ್ಕಾಗ ನಿಲ್ಲುತ್ತಾರೆ. ಅದರ ನಡುವಿನಲ್ಲಿ ಸಾಲಾಗಿ ಸಣ್ಣ ಹಲ್ಲಿನ ಗುರುತು. ಬೆರಳಲ್ಲಿ ಒಂದೊಂದನ್ನೂ ಮುಟ್ಟಿ ನೋಡಿ, ಅದನ್ನು ಪೊಟ್ಟಣಕ್ಕೆ ಹಾಕದೆ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಳ್ಳುತ್ತಾರೆ.

ನಾನು ನೋಡುತ್ತಿರುವುದು ಅವರಿಗೆ ಗೊತ್ತಾಗುತ್ತದೆ. "ಇದೊಂದನ್ನ ಕರಗಸಂಗಿಲ್ರಿ ಅಕ್ಕಾರ," ಎನ್ನುತ್ತಾರೆ.